ಆಕ್ಸಿಲರೇಟರ್ ಪೆಡಲ್ ಸೆನ್ಸರಿನ ದೋಷಪತ್ತೆ

ಆಕ್ಸಿಲರೇಟರ್ ಪೆಡಲನ್ನು ಎಷ್ಟು ಒತ್ತಲಾಗಿದೆ ಎಂಬುದನ್ನು ವೋಲ್ಟೇಜಿನ ರೂಪದಲ್ಲಿ ಎಂಜಿನ್ನಿನ ನಿಯಂತ್ರಣ ಘಟಕವಾದ ಇಸಿಯುಗೆ ತಿಳಿಸುವ ಸಾಧನವೇ ಪೆಡಲ್ ಸೆನ್ಸರ್. ಹಳೆಯ ವಾಹನಗಳಲ್ಲಿ ಈ ಕೆಲಸವನ್ನು ಒಂದು ಕೇಬಲ್ ಮಾಡುತ್ತಿತ್ತು. ಈಗಿನ ಕಾರುಗಳಲ್ಲಿ ಪೆಡಲಿಗೂ ಎಂಜಿನ್ನಿಗೂ ಇರುವ ನಂಟು ತಂತಿಗಳದ್ದು ಮಾತ್ರ.

ಸುರಕ್ಷತೆಗಾಗಿ ಒಂದೇ ಪೆಡಲಿನಲ್ಲಿ ಎರಡು ಸೆನ್ಸರುಗಳಿರುತ್ತವೆ. ಎಷ್ಟೋ ಮಾದರಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧದಷ್ಟಿರುತ್ತದೆ. ಇಸಿಯು ಎರಡನ್ನೂ ಸದಾ ಹೋಲಿಸಿ ನೋಡುತ್ತದೆ. ಲೆಕ್ಕ ತಪ್ಪಿದರೆ ಚೆಕ್ ಎಂಜಿನ್ ದೀಪ ಹೊತ್ತಿಸಿ, ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿಬಿಡುತ್ತದೆ. ಪಿಕಪ್ ಇಲ್ಲದಿರುವುದು, ಪೆಡಲ್ ಒತ್ತಿದರೂ ರೇಸ್ ಆಗದಿರುವುದು, ಗಾಡಿ ಎಳೆದೆಳೆದು ಓಡುವುದು ಇದರ ಲಕ್ಷಣಗಳು.

ಪತ್ತೆಯ ಮೊದಲ ಹೆಜ್ಜೆ ಸ್ಕ್ಯಾನರಿನಿಂದ ಕೋಡ್ ಓದುವುದು. ಪಿ2122 ಮತ್ತು ಪಿ2127 ಕೋಡುಗಳು ಸೆನ್ಸರಿನ ಸಂಕೇತದ ವೋಲ್ಟೇಜ್ ತೀರಾ ಕಡಿಮೆ ಎಂದೂ, ಪಿ2123 ಮತ್ತು ಪಿ2128 ತೀರಾ ಹೆಚ್ಚು ಎಂದೂ, ಪಿ2138 ಎರಡು ಸಂಕೇತಗಳು ತಾಳೆಯಾಗುತ್ತಿಲ್ಲ ಎಂದೂ ಹೇಳುತ್ತವೆ. ಪಿ2135 ಪೆಡಲಿನದಲ್ಲ, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯದು. ಇವೆರಡನ್ನು ಬೆರೆಸಿಕೊಂಡರೆ ದುರಸ್ತಿಯ ದಾರಿಯೇ ತಪ್ಪುತ್ತದೆ. ಕೋಡ್ ತೋರಿಸುವುದು ದೋಷವಿರುವ ಸರ್ಕ್ಯೂಟನ್ನು, ಕೆಟ್ಟ ಬಿಡಿಭಾಗವನ್ನಲ್ಲ. ಕೋಡ್ ನೋಡಿದ ಕೂಡಲೇ ಹೊಸ ಪೆಡಲ್ ತರಿಸುವುದು ಅವಸರದ ಕೆಲಸ.

ಆಮೇಲೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಎರಡೂ ಸಂಕೇತಗಳನ್ನು ಗಮನಿಸಬೇಕು. ಪೆಡಲನ್ನು ಬಲು ನಿಧಾನವಾಗಿ ಒತ್ತುತ್ತ ಬಿಡುತ್ತ ಹೋದರೆ ಅಂಕಿಗಳೂ ಸರಾಗವಾಗಿ ಏರಿಳಿಯಬೇಕು. ನಡುವೆ ಎಲ್ಲಾದರೂ ಥಟ್ಟನೆ ಕುಸಿದರೆ, ಪೊಟೆನ್ಷಿಯೋಮೀಟರ್ ಬಗೆಯ ಸೆನ್ಸರಿನಲ್ಲಿ ಒಳಪಟ್ಟಿ ಸವೆದಿರುವ ಸಂಭವ ಹೆಚ್ಚು. ಕಾಂತಕ್ಷೇತ್ರದ ಮೂಲಕ ಅಳೆಯುವ ಹಾಲ್ ಬಗೆಯ ಸೆನ್ಸರಿನಲ್ಲಿ ಉಜ್ಜುವ ಭಾಗವಿಲ್ಲದ್ದರಿಂದ ಈ ಸವೆತ ಇರುವುದಿಲ್ಲ.

ನಿಜವಾದ ತೀರ್ಮಾನ ಮಲ್ಟಿಮೀಟರಿನದು. ಸಾಮಾನ್ಯವಾಗಿ ಪೆಡಲಿನ ಕನೆಕ್ಟರಿಗೆ ಆರು ತಂತಿಗಳು ಬರುತ್ತವೆ: ಪ್ರತಿ ಸೆನ್ಸರಿಗೆ 5 ವೋಲ್ಟ್ ಪೂರೈಕೆ, ಅರ್ಥ್, ಸಂಕೇತ. 5 ವೋಲ್ಟ್ ಬಾರದಿದ್ದರೆ ಪೆಡಲನ್ನು ದೂರುವಂತಿಲ್ಲ. ತಂತಿ ತುಂಡಾಗಿರಬಹುದು, ಇಸಿಯು ಕೆಟ್ಟಿರಬಹುದು, ಅದೇ ಸಾಲಿನ ಬೇರೊಂದು ಸೆನ್ಸರ್ ಶಾರ್ಟ್ ಆಗಿರಬಹುದು. ಪೂರೈಕೆಯೂ ಅರ್ಥ್ ಕೂಡ ಸರಿಯಿದ್ದು ಸಂಕೇತ ಮಾತ್ರ ತಪ್ಪಿದರೆ ಸೆನ್ಸರಿನ ಮೇಲೆ ಸಂಶಯ ಬಲವಾಗುತ್ತದೆ. ಬಿಟ್ಟು ಬಿಟ್ಟು ಬರುವ ತೊಂದರೆಯಲ್ಲಿ ವೈರಿಂಗನ್ನು ಕೈಯಿಂದ ಅಲುಗಿಸುತ್ತ ಅಂಕಿ ನೋಡಬೇಕು. ಮಳೆಗಾಲದಲ್ಲಿ ಕಾಲಿನ ಜಾಗಕ್ಕೆ ನೀರು ಸೇರಿ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿರುವುದೂ ಉಂಟು.

ಒಳಗಿನ ದೋಷ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದಕ್ಕೆ ಟೊಯೊಟಾ ಕಾರುಗಳ ಬಗ್ಗೆ ಅಮೆರಿಕದ ನಾಸಾ 2011ರಲ್ಲಿ ನೀಡಿದ ವರದಿ ಸಾಕ್ಷಿ. ಕೆಟ್ಟುಹೋದ ಒಂದು ಪೆಡಲ್ ಸೆನ್ಸರಿನೊಳಗೆ ತವರದ ಸೂಕ್ಷ್ಮ ಎಳೆ ಬೆಳೆದು, ಎರಡು ಸಂಕೇತಗಳ ನಡುವೆ ಶಾರ್ಟ್ ಉಂಟುಮಾಡಿದ್ದು ಅದರಲ್ಲಿ ದಾಖಲಾಗಿದೆ.

ಸೆನ್ಸರ್ ಕೆಟ್ಟಿರುವುದು ಖಚಿತವಾದರೆ ಬಹುಪಾಲು ಕಾರುಗಳಲ್ಲಿ ಪೆಡಲನ್ನು ಇಡಿಯಾಗಿ ಬದಲಿಸಬೇಕು. ಕೆಲವು ಮಾದರಿಗಳಲ್ಲಿ ಪೆಡಲನ್ನು ಪೂರ್ತಿ ಬಿಟ್ಟ ಸ್ಥಿತಿಯನ್ನು ಇಸಿಯುಗೆ ಹೊಸದಾಗಿ ಕಲಿಸಬೇಕಾಗುತ್ತದೆ. ದೋಷ ಪತ್ತೆಯಾಗಿ ದುರಸ್ತಿ ಮುಗಿಯುವ ತನಕ ಅಂಥ ವಾಹನವನ್ನು ಹೆದ್ದಾರಿಗೆ ಇಳಿಸಕೂಡದು. ಓವರ್‌ಟೇಕ್ ಮಾಡುವಾಗ ಶಕ್ತಿ ಕುಂದಿದರೆ ಜೀವಕ್ಕೇ ಅಪಾಯ.