ಮೂವರು ವರ್ತಕರು, ಒಂದು ಹಣದ ಚೀಲ: ಗಣಿತಸಾರಸಂಗ್ರಹದ ಆಟಗಳು

ತರಗತಿಯಲ್ಲಿ ಗುಂಪಾಗಿ ಆಡುತ್ತ ಬುದ್ಧಿಯನ್ನು ಮಸೆಯುವ ಪದ್ಧತಿ ತೀರ ಇತ್ತೀಚಿನದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಕವಿರಾಜಮಾರ್ಗ ಹುಟ್ಟಿದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ, ಕ್ರಿ.ಶ. 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ತೆರೆದು ನೋಡಬೇಕು. ಗಣಿತದ ಚರಿತ್ರಕಾರರು ಅದರಿಂದ ಸೂತ್ರಗಳನ್ನು ಹೆಕ್ಕಿಕೊಂಡು ಪದ್ಯವನ್ನು ಅಲಂಕಾರವೆಂದು ಬದಿಗಿಡುತ್ತಾರೆ. ಸಾಹಿತ್ಯದವರು ಗಣಿತವೆಂದೇ ಅದನ್ನು ಬಿಟ್ಟುಬಿಡುತ್ತಾರೆ. ಅದರ ಲೆಕ್ಕಗಳಾದರೋ ಎದುರಿಗೆ ಕುಳಿತವನನ್ನು ಕರೆದು ಕೇಳುವಂಥವು. ‘ಗೆಳೆಯಾ’, ‘ಗಣಕನೇ’ ಎಂಬ ಸಂಬೋಧನೆಯೂ ‘ಹೇಳು’ ಎಂಬ ಒತ್ತಾಯವೂ ಅಲ್ಲಿ ಮರುಮರಳಿ ಬರುತ್ತವೆ.

ಮಿಶ್ರಕವ್ಯವಹಾರದ ಅಧ್ಯಾಯದಲ್ಲಿ ಬರುವ ಒಂದು ಲೆಕ್ಕ ಹೀಗಿದೆ. ದಾರಿಯಲ್ಲಿ ಬಿದ್ದ ಹಣದ ಚೀಲವೊಂದನ್ನು ಮೂವರು ವರ್ತಕರು ಕಾಣುತ್ತಾರೆ. ಅದು ತನ್ನದಾದರೆ ತನ್ನ ಹಣ ಉಳಿದಿಬ್ಬರ ಹಣದ ಎರಡರಷ್ಟಾಗುವುದೆಂದು ಮೊದಲನೆಯವನು ಹೇಳುತ್ತಾನೆ. ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು. ಒಬ್ಬೊಬ್ಬನ ಮಾತಿನಿಂದ ಏನೂ ತಿಳಿಯದು. ಚೀಲ ಯಾರ ಕೈಸೇರಿದರೂ ಒಟ್ಟು ಹಣ ಬದಲಾಗದೆಂಬುದು ಹೊಳೆದಾಗ ಮಾತ್ರ ಗಂಟು ಸಡಿಲುತ್ತದೆ: ಮೊದಲನೆಯವನನ್ನು ಬಿಟ್ಟು ಉಳಿದಿಬ್ಬರದು ಒಟ್ಟಿನ ಮೂರನೆಯ ಒಂದು ಪಾಲು, ಎರಡನೆಯವನನ್ನು ಬಿಟ್ಟರೆ ನಾಲ್ಕನೆಯ ಒಂದು, ಮೂರನೆಯವನನ್ನು ಬಿಟ್ಟರೆ ಆರನೆಯ ಒಂದು. ಒಟ್ಟು 24 ಎಂದಿಟ್ಟುಕೊಂಡರೆ ವರ್ತಕರಲ್ಲಿ ಕ್ರಮವಾಗಿ 1, 3, 5, ಚೀಲದಲ್ಲಿ 15. ಮೂವರು ವಿದ್ಯಾರ್ಥಿಗಳನ್ನು ನಿಲ್ಲಿಸಿ ಈ ಮಾತುಗಳನ್ನು ಆಡಿಸಿದರೆ ಲೆಕ್ಕ ತಾನಾಗಿಯೇ ನಾಟಕವಾಗುತ್ತದೆ. ಮೂರು ಅಕ್ಷರಗಳ ಸಮೀಕರಣವಾಗಿ ಇದನ್ನು ಬರೆದುಕೊಂಡ ಕೂಡಲೇ ವರ್ತಕರು ಮರೆಯಾಗುತ್ತಾರೆ, ಅವರ ಆಸೆಯೂ ಮರೆಯಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಆಟ ಅದೇ ಅಧ್ಯಾಯದಲ್ಲಿದೆ. ಛಂದಸ್ಸಿನ ಷಟ್‌ಪ್ರತ್ಯಯಗಳನ್ನು ಮಹಾವೀರಾಚಾರ್ಯರು ಗಣಿತದೊಳಕ್ಕೆ ತಂದಿದ್ದಾರೆ. ಮುಂದಿನ ಶತಮಾನದಲ್ಲಿ ನಾಗವರ್ಮನ ‘ಛಂದೋಂಬುಧಿ’ ಇವನ್ನು ಕನ್ನಡದಲ್ಲಿ ವಿವರಿಸಿತು. ಪರೀಕ್ಷೆಗೆ ಬಾರದ ಭಾಗವೆಂದು ನಾವು ದಾಟಿಹೋಗುವುದು ಅದನ್ನೇ. ಮೂರು ಅಕ್ಷರಗಳ ಪ್ರಸ್ತಾರದಲ್ಲಿ ಎಂಟು ಸಾಲುಗಳು: ಮ, ಯ, ರ, ಸ, ತ, ಜ, ಭ, ನ. ಆರನೆಯ ಸಾಲು ಅಳಿಸಿಹೋಗಿದೆಯೆಂದು ಭಾವಿಸೋಣ. ಅದನ್ನು ಮರಳಿ ಪಡೆಯುವ ವಿಧಾನವೇ ‘ನಷ್ಟ’. ಆರು ಸಮಸಂಖ್ಯೆ, ಆದ್ದರಿಂದ ಲಘು; ಅರ್ಧಿಸಿದರೆ ಮೂರು. ಮೂರು ಬೆಸ, ಆದ್ದರಿಂದ ಗುರು; ಒಂದು ಕೂಡಿಸಿ ಅರ್ಧಿಸಿದರೆ ಎರಡು. ಎರಡು ಸಮ, ಮತ್ತೆ ಲಘು. ಲಘು–ಗುರು–ಲಘು, ಅಂದರೆ ಜಗಣ. ಗಣವನ್ನು ಕೊಟ್ಟು ಸಾಲಿನ ಸಂಖ್ಯೆ ಕೇಳುವುದು ‘ಉದ್ದಿಷ್ಟ’. ಒಂದು ಗುಂಪು ಅಡಗಿಸುವುದು, ಇನ್ನೊಂದು ಹುಡುಕುವುದು. ನಿಂತವನು ಗುರು, ಕುಳಿತವನು ಲಘು ಎಂದುಕೊಂಡರೆ ಕರಿಹಲಗೆಯೂ ಬೇಕಿಲ್ಲ. ‘ಯಮಾತಾರಾಜಭಾನಸಲಗಂ’ ಎಂದು ಉರು ಹೊಡೆಸುವುದಕ್ಕಿಂತ ಇದು ಮೇಲೆಂದೇ ನನ್ನ ಅಭಿಪ್ರಾಯ.

ಗುಣಾಕಾರದ ಉದಾಹರಣೆಗಳಲ್ಲಿ ಉತ್ತರವೇ ಕೊರಳ ಹಾರದಂತೆ ಸಮಬದ್ಧವಾಗಿ ಬರುವವೂ ಇವೆ. 27994681ನ್ನು 441ರಿಂದ ಗುಣಿಸಿದರೆ 12345654321. ಒಂದು ಅಂಕೆ ತಪ್ಪಿದರೂ ಹಾರದ ಅಂದ ಕೆಡುವುದರಿಂದ ಶಿಷ್ಯನಿಗೆ ತನ್ನ ತಪ್ಪು ತಾನೇ ಕಾಣುತ್ತದೆ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಮುಂದಿನ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ಗಳ ಮೂಲಕ ಲೆಕ್ಕವನ್ನು ಕನ್ನಡ ಪದ್ಯಕ್ಕೆ ಒಗ್ಗಿಸಿದನು. ಮೂಲ ಸಂಸ್ಕೃತ ಪಾಠ ಎಂ. ರಂಗಾಚಾರ್ಯರ ಸಂಪಾದನೆಯಲ್ಲಿ 1912ರಲ್ಲಿ ಮದರಾಸಿನಿಂದ ಅಚ್ಚಾಯಿತು. ರಾಜಾದಿತ್ಯನ ಪದ್ಯಗಳನ್ನು ಕನ್ನಡ ಎಂ.ಎ. ತರಗತಿಯಲ್ಲಿ ಗಟ್ಟಿಯಾಗಿ ಓದಿ, ಉತ್ತರ ಬರುವವರೆಗೆ ಕಾಯುವ ಅಧ್ಯಾಪಕರು ಬೇಕಾಗಿದ್ದಾರೆ.