ಮಾತು ಹರಿದ ದಾರಿಯ ನಕ್ಷೆ

ಮಾತಿಗೆ ಆಕಾರವಿಲ್ಲ. ಆದರೆ ಅದು ಯಾರಿಂದ ಯಾರಿಗೆ ಹೋಗುತ್ತದೆ ಎಂಬುದನ್ನು ಚಿತ್ರವಾಗಿ ಬಿಡಿಸಬಹುದು. ಈ ವಿದ್ಯೆಗೆ ನಾಂದಿ ಹಾಡಿದವರಲ್ಲಿ ಮನೋವೈದ್ಯ ಜೇಕಬ್ ಮೊರೆನೊ (1889–1974) ಪ್ರಮುಖರು.

1932ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನಲ್ಲಿದ್ದ ಬಾಲಕಿಯರ ಸುಧಾರಣಾ ಶಾಲೆಯಿಂದ ಎರಡೇ ವಾರಗಳಲ್ಲಿ 14 ಹುಡುಗಿಯರು ಓಡಿಹೋದರು. ಅಲ್ಲಿ ಹೆಲೆನ್ ಜೆನ್ನಿಂಗ್ಸ್ ಜತೆಗೂಡಿ ಅಧ್ಯಯನ ನಡೆಸಿದ ಮೊರೆನೊ, ಯಾರ ಜತೆ ವಾಸಿಸಲು ಇಷ್ಟ, ಯಾರ ಜತೆ ಬೇಡ ಎಂದು ಹುಡುಗಿಯರನ್ನೇ ಕೇಳಿದರು. ಉತ್ತರಗಳು ಚಿತ್ರವಾದವು. ಒಬ್ಬೊಬ್ಬಳಿಗೆ ಒಂದೊಂದು ವೃತ್ತ. ಒಲವಿಗೆ ಕೆಂಪು ಗೆರೆ, ತಿರಸ್ಕಾರಕ್ಕೆ ಕಪ್ಪು. ಓಡಿಹೋಗುವ ಆಲೋಚನೆ ಈ ಗೆರೆಗಳ ಜಾಲದಲ್ಲೇ ಒಬ್ಬಳಿಂದ ಇನ್ನೊಬ್ಬಳಿಗೆ ಹರಡಿತೆಂಬುದು ಅವರ ವಾದ. ಯಾರ ಆಯ್ಕೆಗೂ ಸಿಗದೆ ಒಂಟಿಯಾಗಿ ಉಳಿದವರೂ ಅಲ್ಲಿ ಕಣ್ಣಿಗೆ ಬಿದ್ದರು.

ಈ ನಕ್ಷೆಗೆ ‘ಸೋಷಿಯೊಗ್ರಾಂ’ ಎಂದು ಹೆಸರಾಯಿತು. 1933ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇದನ್ನು ವರದಿ ಮಾಡಿತು.

ಇಂದು ದೂರವಾಣಿ ಕರೆ, ಇ-ಮೇಲ್‌ಗಳ ಜಾಡನ್ನು ಕಂಪ್ಯೂಟರು ಬಿಡಿಸಿ ತೋರಿಸುವುದೂ ಇದೇ ಚುಕ್ಕೆ-ಗೆರೆಗಳಲ್ಲಿ. ಆದರೆ ಹಡ್ಸನ್‌ನಲ್ಲಿ ಹುಡುಗಿಯರನ್ನು ಕೇಳಿ ಗೆರೆ ಎಳೆಯಲಾಗಿತ್ತು. ನಮ್ಮ ಗೆರೆಗಳನ್ನು ಎಳೆಯುವವರು ಎಷ್ಟೋ ಸಲ ನಮ್ಮನ್ನು ಕೇಳುವುದೇ ಇಲ್ಲ.