ಆರ್. ಕೆ. ನಾರಾಯಣ್ ಅವರ ಮನೆ, ಮೈಸೂರು
ಆರ್. ಕೆ. ನಾರಾಯಣ್ ಅವರ ಮನೆಯು ಮೈಸೂರಿನ ಯಾದವಗಿರಿ ಬಡಾವಣೆಯಲ್ಲಿರುವ ಎರಡಂತಸ್ತಿನ ಕಟ್ಟಡ. ಮಾಲ್ಗುಡಿ ಎಂಬ ಕಲ್ಪಿತ ಊರಿನ ಕಥೆಗಳಿಂದ ಪ್ರಸಿದ್ಧರಾದ ಇಂಗ್ಲಿಷ್ ಕಾದಂಬರಿಕಾರ ನಾರಾಯಣ್ (1906–2001) ಇದನ್ನು ಕಟ್ಟಿಸಿ, ಹಲವು ವರ್ಷ ಇಲ್ಲಿ ವಾಸಿಸಿದ್ದರು. ಮಹಡಿಯಲ್ಲಿ, ಸುತ್ತ ಕಿಟಕಿಗಳಿರುವ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದರು. ಅವರು ಚೆನ್ನೈಗೆ ತೆರಳಿದ ಮೇಲೆ ಮನೆ ಕ್ರಮೇಣ ಶಿಥಿಲವಾಯಿತು.

2011ರಲ್ಲಿ ಆರಂಭವಾದ ಕೆಡವುವ ಕೆಲಸವು ಸಾರ್ವಜನಿಕರ ವಿರೋಧದಿಂದ ಅರ್ಧಕ್ಕೇ ನಿಂತಿತು. ಮನೆಯನ್ನು ಸ್ಮಾರಕವಾಗಿ ಉಳಿಸಲು ಸರ್ಕಾರ ಮುಂದಾದಾಗ ಕೆಲವು ಕನ್ನಡ ಸಾಹಿತಿಗಳು ಆಕ್ಷೇಪಿಸಿದರು. ಇಂಗ್ಲಿಷಿನಲ್ಲಿ ಬರೆದು, ಹಸ್ತಪ್ರತಿಗಳನ್ನು ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕೊಟ್ಟವರ ಮನೆಗೆ ಕರ್ನಾಟಕದ ಬೊಕ್ಕಸದ ಹಣವೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಕನ್ನಡದ ಎಷ್ಟೋ ಲೇಖಕರ ಮನೆಗಳಿಗೆ ಇಂತಹ ಭಾಗ್ಯ ಒದಗದಿರುವುದರಿಂದ ಈ ಪ್ರಶ್ನೆ ಹುರುಳಿಲ್ಲದ್ದೇನಲ್ಲ. ಆದರೂ ದುರಸ್ತಿ ಮುಂದುವರಿದು, 2016ರಲ್ಲಿ ಮನೆಯು ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು.